ಪೈಪ್ ಇಳೀತಿದೆ!

ನಮ್ಮ ಮನೆಯಲ್ಲಿ ಕರೆದರೆ ಓಗೊಡುವವರಿಗೆ ಬರವಿಲ್ಲ, ಕೇಳಿಸಿಕೊಳ್ಳುವವರಿಗೆ ಬರ. ಊಟಕ್ಕೆ ಬನ್ನಿ ಎಂದರೆ ಗಂಡ ಫೋನಿನಿಂದ ತಲೆಯೆತ್ತದೆ "ಹ್ಞೂಂ" ಅನ್ನುತ್ತಾನೆ, ಮಾವ ಪೇಪರಿನ ಹಿಂದಿನಿಂದ "ಹ್ಞೂಂ" ಅನ್ನುತ್ತಾರೆ. ಬಡಿಸಿದ್ದೆಲ್ಲ ಆರಿ ತಣ್ಣಗಾದ ಮೇಲೆ ಇಬ್ಬರೂ ಬಂದು, "ಒಂದ್ಸಲ ಕರೀಬಾರದಿತ್ತಾ?" ಎಂದು ನನ್ನನ್ನೇ ಕೇಳುತ್ತಾರೆ. ಮೈಯೆಲ್ಲ ಉರಿಯುತ್ತದೆ ನನಗೆ.

ಬೇರೆಯವರ ಮಾತನ್ನು ಹಿಂದೆ ಮುಂದೆ ಎಳೆದು ಕೇಳುವುದೇ ನನ್ನ ಹೊಟ್ಟೆಪಾಡು. ಕಂಪನಿಗಳಿಗೆ ತರಬೇತಿಯ ವಿಡಿಯೊ ಎಡಿಟ್ ಮಾಡಿಕೊಡುತ್ತೇನೆ: ಬೆಂಕಿ ಬಿದ್ದರೆ ಏನು ಮಾಡಬೇಕು, ಏಣಿ ಹತ್ತುವುದು ಹೇಗೆ, ಇಂಥವು. ಮಾವನಿಗೆ ಇದು ಮೊದಲಿನಿಂದಲೂ ತಮಾಷೆ. "ಒಂದೇ ವಾಕ್ಯಾನ ಇಪ್ಪತ್ತು ಸಲ ಕೇಳೋದಕ್ಕೂ ಸಂಬಳ ಕೊಡ್ತಾರಾ?" ಎಂದು ಛೇಡಿಸುತ್ತಿದ್ದರು. "ಒಂದೇ ಹಗ್ಗಾನ ನಲವತ್ತು ವರ್ಷ ಎಳೆಯೋದಕ್ಕೆ ಕೊಡಲ್ವಾ ಮಾವ, ಹಾಗೇನೆ" ಎಂದು ನಾನೂ ಬಿಡುತ್ತಿರಲಿಲ್ಲ.

ಮಾವ ನಾಟಕಶಾಲೆಯಲ್ಲಿ ಹಗ್ಗದ ಕೆಲಸದವರು. ವೇದಿಕೆಯ ಮೇಲೆ, ಪ್ರೇಕ್ಷಕರಿಗೆ ಕಾಣದಷ್ಟು ಎತ್ತರದಲ್ಲಿ, ಉದ್ದುದ್ದ ಕಬ್ಬಿಣದ ಪೈಪುಗಳು ತೂಗುತ್ತಿರುತ್ತವೆ. ಪರದೆ, ದೀಪ, ಬಣ್ಣದ ಮೋಡ ಎಲ್ಲವನ್ನೂ ಅವಕ್ಕೇ ಕಟ್ಟುವುದು. ಪಕ್ಕದ ಅಟ್ಟದ ಮೇಲೆ ನಿಂತು ಹಗ್ಗ ಎಳೆದು ಅವನ್ನು ಇಳಿಸುವವರು, ಏರಿಸುವವರು ಮಾವ. ಅದಕ್ಕೊಂದು ಕಟ್ಟಳೆಯಿದೆ. ಇಳಿಸುವ ಮುಂಚೆ ಅಟ್ಟದಿಂದ "ಪೈಪ್ ಇಳೀತಿದೆ!" ಎಂದು ಕೂಗಬೇಕು. ಕೆಳಗಿರುವವರು "ಸರಿ!" ಅನ್ನಬೇಕು. ಆ "ಸರಿ" ಕಿವಿಗೆ ಬೀಳುವ ತನಕ ಹಗ್ಗ ಬಿಡುವಂತಿಲ್ಲ.

ಕಳೆದ ತಿಂಗಳು ಸಂಗೀತದೊಂದಿಗೆ ತಾಲೀಮು ನಡೆಯುತ್ತಿದ್ದಾಗ ಒಂದು ಪೈಪ್ ಇಳಿದು ದೀಪದವನ ಹೆಗಲ ಮೇಲೆ ಬಿತ್ತು. ಎಲ್ಲರೂ ಅವನನ್ನು ಬಲ್ಬು ಅಂತಲೇ ಕರೆಯುವುದು. ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಹಿಂಬದಿಯ ದೀಪವೊಂದನ್ನು ಮೊಣಕಾಲೂರಿ ಸರಿಮಾಡುತ್ತಿದ್ದ ಮನುಷ್ಯನ ಹೆಗಲೆಲುಬು ಮುರಿಯಿತು. ಆಸ್ಪತ್ರೆಯ ಹಾಸಿಗೆಯಿಂದಲೇ ಅವನು ಹೇಳಿದ: "ಹಗ್ಗದಣ್ಣ ಕೂಗ್ಲೇ ಇಲ್ಲ." ವೇದಿಕೆಯಲ್ಲಿದ್ದ ಉಳಿದವರೂ ಸಂಗೀತದ ಗದ್ದಲದಲ್ಲಿ ಕೂಗು ಕೇಳಲಿಲ್ಲ ಎಂದರು. ತಾಲೀಮಿನ ವಿಡಿಯೊ ಇತ್ತು. ವಿಚಾರಣೆಯ ಸಮಿತಿ ಅದನ್ನು ನೋಡಿತು. ಅದರಲ್ಲಿ ಸಂಗೀತವಿತ್ತು, ಆಮೇಲೆ ಪೈಪ್ ಬಿದ್ದ ಸದ್ದಿತ್ತು. ಕೂಗಿರಲಿಲ್ಲ. ಸೋಮವಾರ ಕೊನೆಯ ಸಭೆ. ಅಲ್ಲಿ ಮಾವ ತಪ್ಪಿತಸ್ಥ ಎಂದಾದರೆ ಮತ್ತೆ ಅಟ್ಟ ಹತ್ತುವ ಹಾಗಿಲ್ಲ.

ಮೊದಮೊದಲು ಮಾವ ಎಗರಾಡಿದರು. "ಕೂಗಿದ್ದೀನಿ. ಸರಿ ಅಂತ ಬಂದಿದೆ. ಆಮೇಲೇ ಬಿಟ್ಟಿದ್ದು" ಎಂದು ಬಂದವರಿಗೆಲ್ಲ ಹೇಳಿದರು. ದಿನ ಕಳೆದಂತೆ ಮಾತು ಕಡಿಮೆಯಾಯಿತು. ಬಾಗಿಲಿಗೆ ಚಿಲಕ ಹಾಕಿ ಬಂದು ಕೂತವರು ಮತ್ತೆ ಎದ್ದು ಹೋಗಿ ಚಿಲಕ ಮುಟ್ಟಿ ನೋಡುವರು. ಒಲೆ ಆರಿಸಿ, ಅಡುಗೆಮನೆಯ ದೀಪ ಆರಿಸಿ, ಮತ್ತೆ ದೀಪ ಹಾಕಿ ಒಲೆ ನೋಡುವರು. ಶನಿವಾರ ಬೆಳಿಗ್ಗೆ ಹೀಗೆ ಒಲೆಯ ಮುಂದೆ ನಿಂತಿದ್ದವರನ್ನು ನಾನು ಹಿಡಿದೆ.

"ಏನಾಗಿದೆ ಮಾವ ನಿಮಗೆ?"

"ಕೂಗಿದೆ ಅಂತ ನನ್ನ ಗಂಟಲು ಹೇಳತ್ತಮ್ಮ" ಎಂದರು. "ಆದ್ರೆ ನಲವತ್ತು ವರ್ಷದಿಂದ ಕೂಗ್ತಾ ಇರೋ ಗಂಟಲು ಅದು. ನೆನಪಿರೋದು ಅವತ್ತಿನ ಕೂಗೋ, ಅದರ ಹಿಂದಿನ ದಿನದ್ದೋ? ಕೆಲಸ ಹೋದ್ರೆ ಹೋಗ್ಲಿ. ಒಬ್ಬನ ಮೂಳೆ ಮುರಿದು, ಕೂಗಿದ್ದೆ ಅಂತ ನಾನೇ ಸುಳ್ಳು ಹೇಳ್ಕೊಂಡು ತಿರುಗ್ತಾ ಇದ್ರೆ?"

ಈ ಮನುಷ್ಯ ನನ್ನ ಜೊತೆ ವಾದದಲ್ಲಿ ಒಂದು ದಿನವೂ ಸೋತವರಲ್ಲ. ಅಂಥವರು ತಮ್ಮ ಬಾಯಿಯ ಮೇಲೆ ತಾವೇ ನಂಬಿಕೆ ಕಳೆದುಕೊಂಡು ನಿಂತಿದ್ದರು. ಸಮಿತಿ ನೋಡಿದ ಆ ವಿಡಿಯೊದ ಒಂದು ಪ್ರತಿ ನಮ್ಮ ಮನೆಯಲ್ಲೇ ಇತ್ತು. ಅದನ್ನು ನೋಡಿದ ದಿನದಿಂದ ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ತಾಲೀಮಿಗೆ ಅಷ್ಟೊಂದು ಮೈಕು ಇಟ್ಟು, ಕೊನೆಗೆ ಬರೀ ಸಂಗೀತ ಕೇಳಿಸುವುದೆಂದರೇನು?

"ಚಪ್ಪಲಿ ಹಾಕ್ಕೊಳ್ಳಿ. ನೋಡೇ ಬಿಡೋಣ" ಎಂದೆ.

ರೆಕಾರ್ಡಿಂಗುಗಳನ್ನೆಲ್ಲ ಇಡುವ ನಾಟಕಶಾಲೆಯ ಸಂಗ್ರಹದ ಕೋಣೆ ನೆಲಮಾಳಿಗೆಯಲ್ಲಿದೆ. ಅಲ್ಲಿನ ಮೇಲ್ವಿಚಾರಕರು ಮಾವನ ಮುಖ ನೋಡಿದ್ದೇ ಎದ್ದು ಬಂದರು. ಸಮಿತಿಗೆ ಕೊಟ್ಟದ್ದು ನೋಡುವುದಕ್ಕೆಂದು ಮಾಡಿದ ಸಣ್ಣ ಪ್ರತಿ, ಮೂಲ ಬೇರೆ ಇದೆ ಎಂದು ನಾನು ಕೇಳುವ ಮುಂಚೆಯೇ ಹೇಳಿದರು. ಒಂದು ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟರು. "ಸಂಗ್ರಹಕ್ಕೆ ಸೇರಿಸಿದ ಮೂಲ ಫೈಲೂ ಇದೆ, ಅದಕ್ಕೂ ಮುಂಚಿನ ಕಚ್ಚಾ ರೆಕಾರ್ಡಿಂಗೂ ಇದೆ. ನನಗೆ ಇಡೋಕೆ ಬರತ್ತೆ, ಬಿಚ್ಚೋಕೆ ಬರಲ್ಲ. ನೀವೇ ನೋಡ್ಕೊಳ್ಳಿ."

ನನ್ನ ಎಡಿಟಿಂಗ್ ಕೋಣೆ ಒಂದು ಲಾಂಡ್ರಿಯ ಮೇಲಿದೆ. ಕೆಳಗಿನ ಇಸ್ತ್ರಿಯ ಹಬೆ ನೆಲದ ಸಂದಿಯಿಂದ ಬರುತ್ತಿರುತ್ತದೆ, ಆದ್ದರಿಂದ ನನ್ನ ಎಡಿಟಿಂಗಿಗೆಲ್ಲ ಒಗೆದ ಬಟ್ಟೆಯ ವಾಸನೆ. ಮಾವ ಒಂದು ಸ್ಟೂಲಿನ ತುದಿಯಲ್ಲಿ, ಈಗಲೋ ಆಗಲೋ ಎದ್ದು ಓಡುವವರ ಹಾಗೆ ಕೂತರು. ನಾನು ಮೂಲ ಫೈಲನ್ನು ತೆರೆದೆ. ಕಂಡದ್ದು ಎರಡೇ ಚಾನೆಲ್. ಎರಡರಲ್ಲೂ ಅದೇ ಸಂಗೀತ.

"ಇದರಲ್ಲೂ ಇಲ್ವಾ?" ಎಂದರು ಮಾವ.

"ತಾಳಿ. ಇದು ಸಾಫ್ಟ್‌ವೇರಿನ ದೊಡ್ಡಸ್ತಿಕೆ. ಎಲ್ಲರಿಗೂ ಎರಡೇ ಕಿವಿ ಅಂತ ಅದೇ ತೀರ್ಮಾನ ಮಾಡ್ಕೊಂಡು ಎರಡೇ ಚಾನೆಲ್ ತೋರಿಸತ್ತೆ. ಬಾಕಿದ್ದು ಒಳಗೇ ಮುಚ್ಚಿಟ್ಟಿರತ್ತೆ." ಸೆಟ್ಟಿಂಗ್ ಬದಲಾಯಿಸಿ ಫೈಲನ್ನು ಮತ್ತೆ ಒಳಗೆ ತಂದೆ. ಒಂದರ ಕೆಳಗೊಂದರಂತೆ ಆರು ಹಸಿರು ಪಟ್ಟಿಗಳು ತೆರೆದುಕೊಂಡವು. ಒಂದೊಂದು ಪಟ್ಟಿಯೂ ಒಂದೊಂದು ಮೈಕಿನ ದನಿ.

ಅವತ್ತು ರೆಕಾರ್ಡ್ ಮಾಡಿದವನಿಗೆ ಫೋನ್ ಹಚ್ಚಿದೆ. ಅವನು ಇನ್ನೆಲ್ಲೋ ಕೆಲಸದಲ್ಲಿದ್ದ, ಹಿಂದೆ ಯಾರೋ ಸುತ್ತಿಗೆ ಬಡಿಯುತ್ತಿದ್ದರು. "ಒಂದು ಎರಡು ಸಂಗೀತ. ಮೂರು ನಾಲ್ಕು ವೇದಿಕೆ ನೆತ್ತಿ ಮೇಲೆ ಅಕ್ಕಪಕ್ಕ ತೂಗಿಸಿದ ಮೈಕು. ಐದು ರಾಜನ ಪಾತ್ರದವನ ನಿಲುವಂಗಿಗೆ ಸಿಕ್ಕಿಸಿದ್ದು. ಆರು ಪ್ರೇಕ್ಷಕರ ಕಡೇದು, ಏಳು ಖಾಲಿ, ಎಂಟು..." ಸುತ್ತಿಗೆ ಅವನ ಮಾತನ್ನು ನುಂಗಿತು. ಫೋನ್ ಕಟ್ಟಾಯಿತು.

ನೆತ್ತಿಯ ಮೇಲಿನ ಮೈಕಿಗೆ ಅಟ್ಟದ ಕೂಗು ಕೇಳದೆ ಇರಲು ಸಾಧ್ಯವೇ ಇಲ್ಲ. ಮೂರು ಮತ್ತು ನಾಲ್ಕನ್ನು ಒಟ್ಟಿಗೆ ಹಾಕಿ, ಪೈಪ್ ಬೀಳುವುದಕ್ಕೆ ಸ್ವಲ್ಪ ಮುಂಚಿನಿಂದ ಕೇಳಿದೆ. ಪೊಳ್ಳು ಪೊಳ್ಳಾದ ಗಾಳಿಯಂಥ ಸದ್ದು, ದೂರದಲ್ಲೆಲ್ಲೋ ಸಂಗೀತ, ಆಮೇಲೆ ಧಡಾರ್. ಕೂಗಿಲ್ಲ. ಇನ್ನೊಂದು ಸಲ ಹಾಕಿದೆ. ಇಲ್ಲ.

ಮಾವ ಸ್ಟೂಲಿನಿಂದ ಎದ್ದರು. "ಸಾಕಮ್ಮ. ಗೊತ್ತಾಯ್ತಲ್ಲ."

"ಏನು ಗೊತ್ತಾಯ್ತು? ಕೂತ್ಕೊಳ್ಳಿ ಸುಮ್ನೆ!" ಎಂದು ಗದರಿದೆ. ಮಾವನನ್ನು ಗದರಿದ್ದು ಅದೇ ಮೊದಲು. ಅವರೂ ಬೆಚ್ಚಿ ಕೂತುಬಿಟ್ಟರು. ಆ ಪೊಳ್ಳು ಸದ್ದನ್ನು ನಾನು ಬೇರೆ ಕೆಲಸಗಳಲ್ಲಿ ಕೇಳಿದ್ದೆ. ಎರಡು ಮೈಕುಗಳಲ್ಲಿ ಒಂದರ ಕೇಬಲಿನ ತಂತಿ ಅದಲುಬದಲಾಗಿದ್ದರೆ ಹೀಗಾಗುತ್ತದೆ. ಒಂದು ಮುಂದಕ್ಕೆ ತಳ್ಳಿದ್ದನ್ನು ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಒಂದೊಂದನ್ನೇ ಕೇಳಿದರೆ ಎರಡೂ ಚೊಕ್ಕ, ಕೂಡಿಸಿದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ನೋಡುವ ಪ್ರತಿ ಮಾಡಿದಾಗಲೂ ಇವನ್ನು ಕೂಡಿಸಿಯೇ ಹಾಕಿದ್ದರು.

ನಾಲ್ಕನ್ನು ಮುಚ್ಚಿದೆ. ಮೂರನ್ನು ಒಂದನ್ನೇ ಬಿಟ್ಟೆ.

"ಪೈಪ್ ಇಳೀತಿದೆ!"

ಕೋಣೆ ತುಂಬ ಮಾವನ ದನಿ. ಮನೆಯಲ್ಲಿ ನಾನು ಕೇಳುವ ದನಿಯಲ್ಲ ಅದು. ಅಟ್ಟದ ಮೇಲಿನಿಂದ ಇಡೀ ನಾಟಕಶಾಲೆಗೆ ಕೇಳುವಂತೆ ಕೂಗುವ ದನಿ. ಮಾವ ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡರು. "ಇನ್ನೊಂದ್ಸಲ ಹಾಕಮ್ಮ" ಎಂದರು. ಹಾಕಿದೆ. "ಇನ್ನೊಂದ್ಸಲ." ಒಂದೇ ವಾಕ್ಯವನ್ನು ಎಷ್ಟು ಸಲ ಕೇಳುತ್ತೀರಿ ಎಂದು ಛೇಡಿಸಬೇಕೆನಿಸಿತು, ಆದರೆ ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಸಂಜೆಯಾಗಿತ್ತು. ಮಿಕ್ಕಿದ್ದು ನಾಳೆ ನೋಡೋಣವೆಂದು ಮನೆಗೆ ಹೋದೆವು. ಅವತ್ತು ಮಾವ ಒಲೆಯನ್ನು ಒಂದೇ ಸಲ ಆರಿಸಿದರು.

ಭಾನುವಾರ ನಾನು ಐದನೆಯ ಚಾನೆಲ್ ತೆಗೆದದ್ದು "ಸರಿ" ಎಂಬ ಉತ್ತರಕ್ಕಾಗಿ. ರಾಜನ ಪಾತ್ರದವನು ಸೆಕೆಯೆಂದು ನಿಲುವಂಗಿ ಬಿಚ್ಚಿ, ಮೈಕಿನ ಸಮೇತ ಕುರ್ಚಿಯ ಬೆನ್ನಿಗೆ ಹಾಕಿದ್ದು ವಿಡಿಯೊದಲ್ಲಿ ಕಾಣುತ್ತಿತ್ತು. ಕುರ್ಚಿಯ ಪಕ್ಕದಲ್ಲೇ ಬಲ್ಬು ಮೊಣಕಾಲೂರಿ ಕೂತಿದ್ದ. ಮಾವನ ಕೂಗಿನ ಬೆನ್ನಿಗೇ ಐದನೆಯದರಲ್ಲಿ ಉತ್ತರ ಬಂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡವನ ದನಿಯಲ್ಲಿ: "ಸರಿ!"

ಬಲ್ಬುವಿನ ದನಿ. ಅನುಮಾನವೇ ಇಲ್ಲ.

ನಾನು ಕುರ್ಚಿಯಿಂದ ಹಾರಿ ಎದ್ದೆ. ಗಂಡನಿಗೆ ಫೋನ್ ಮಾಡಿದರೆ ಅವನೂ ಕುಣಿದ. "ಅಷ್ಟು ಸಾಕು ಕಣೇ, ಕಟ್ ಮಾಡಿ ಇಟ್ಕೋ. ಅವನೇ ಸರಿ ಅಂದು, ಅವನೇ ಕೂಗ್ಲಿಲ್ಲ ಅಂತ ಹೇಳ್ತಾನಾ?" ಎಂದ. ಫೋನಿಟ್ಟು ತಿರುಗಿ ನೋಡಿದರೆ ಮಾವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದನ್ನ ನಾಳೆ ಕೇಳಿಸಿದ್ರೆ ಅವನ ಗತಿ ಏನು?"

"ನಿಮ್ಮ ಹೆಸರು ಉಳಿಯತ್ತೆ ಮಾವ."

"ಅವನದು ಹೋಗತ್ತೆ. ತಪ್ಪು ಅವನದೇ ಅಂತ ಆದ್ರೆ ಆಸ್ಪತ್ರೆ ಖರ್ಚೂ ಕೊಡಲ್ಲ. ಬಲ್ಬು ಬಾಯಿಬಡುಕ, ಸೋಮಾರಿ, ಎಲ್ಲ ನಿಜ. ಸುಳ್ಳು ಹೇಳೋನಲ್ಲ. ಕೇಳಿಸ್ಲಿಲ್ಲ ಅಂದ್ರೆ ಕೇಳಿಸಿಲ್ಲ." ಪರದೆಯ ಮೇಲೆ ಬಲ್ಬುವಿನ ಬಾಗಿದ ಬೆನ್ನನ್ನೇ ನೋಡುತ್ತ ಮಾವ ಹೇಳಿದರು, "ನಿನ್ನೆವರೆಗೆ ನಾನು ನಿಂತಿದ್ದ ಜಾಗಕ್ಕೆ ಇವತ್ತು ಅವನನ್ನ ತಂದು ನಿಲ್ಲಿಸ್ತೀವಿ, ಅಷ್ಟೇ."

ನನಗೆ ರೇಗಿಹೋಯಿತು. ಎರಡು ದಿನದಿಂದ ಕಣ್ಣು ಕಿವಿ ಕೆಡಿಸಿಕೊಂಡು ಕೂತವಳು ನಾನು. "ಹಾಗಾದ್ರೆ ಏನು ಮಾಡ್ಲಿ? ಅಳಿಸಿಬಿಡ್ಲಾ?"

"ಅಳಿಸೋದು ಬೇಡ. ಪೂರ್ತಿ ಕೇಳು. ಎಂಟಿದೆ ಅಂದಿದ್ನಲ್ಲ ಆ ಹುಡುಗ. ನಾವು ಆರೇ ನೋಡಿರೋದು."

ಹೌದಲ್ಲ! ನನ್ನ ತಲೆಗೆ ಹೊಳೆಯದ್ದು ಹಗ್ಗದವರಿಗೆ ಹೊಳೆದಿತ್ತು ಎಂದು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೇ ಆಯಿತು. ಸಂಗ್ರಹಕ್ಕೆ ಸೇರಿಸುವಾಗ ಆರು ಚಾನೆಲ್ಲಿನ ಅಚ್ಚಿಗೆ ಹಾಕಿ ಎಂಟನ್ನೂ ಒತ್ತಿದ್ದರು; ಹಿಡಿಸದ ಎರಡು ಹೊರಗೆ ಬಿದ್ದಿದ್ದವು. ಡಿಸ್ಕಿನ ಕಚ್ಚಾ ರೆಕಾರ್ಡಿಂಗುಗಳ ನಡುವೆ ಹುಡುಕಿದೆ. ಎಂಟನೆಯದು ಒಂಟಿ ಫೈಲಾಗಿ, ಬೇರೆ ಫೋಲ್ಡರಿನಲ್ಲಿ ಕೂತಿತ್ತು. ಬೇರೊಂದು ಸಣ್ಣ ಯಂತ್ರದಲ್ಲಿ ರೆಕಾರ್ಡ್ ಆದದ್ದು. ತೆರೆದು ಕೇಳಿದರೆ ವೇದಿಕೆ ಮೇನೇಜರ್ ಮೇಡಂ ದನಿ! ಅವರು ಕತ್ತಲೆ ಮೂಲೆಯ ಮೇಜಿನಿಂದ ಎಲ್ಲ ಕೆಲಸದವರಿಗೂ ಹೆಡ್‌ಫೋನಿನಲ್ಲಿ ಹೇಳುವ ಸೂಚನೆಗಳು. ಮಾವನ ಮೇಲೆ ದೂರು ಬರೆದವರೂ ಅವರೇ.

ಎಂಟನ್ನು ಮಿಕ್ಕವುಗಳ ಕೆಳಗೆ ಜೋಡಿಸಿದೆ. ತಾಲೀಮಿನ ಶುರುವಿನಲ್ಲಿ ಒಬ್ಬ ಕ್ಯಾಮೆರಾದ ಮುಂದೆ ಜೋರಾಗಿ ಚಪ್ಪಾಳೆ ಹೊಡೆದಿದ್ದ. ಎರಡರಲ್ಲೂ ಕೇಳುವ ಆ ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದೆ. ಪೈಪ್ ಬೀಳುವ ಹೊತ್ತಿಗೆ ಬಂದೆ. ಮೊದಲು ಮಾವನ ಕೂಗು, ಅದರ ಬೆನ್ನಿಗೆ ಬಲ್ಬುವಿನ "ಸರಿ". ಅದಾದ ಮೇಲೆ, ಸ್ವಲ್ಪ ತಡೆದು, ಮೇಡಂ ದನಿ: "ಬಲ್ಬು, ಹಿಂದಿನ ದೀಪ ಆರಿಸ್ತೀನಿ."

ಅಂದರೆ ಅವನು "ಸರಿ" ಎಂದದ್ದು ಮಾವನಿಗೇ. ನಾನು ಸೋತು ಕೂತೆ. ಕೆಳಗೆ ಇಸ್ತ್ರಿ ಪೆಟ್ಟಿಗೆ ಹಬೆ ಬಿಡುತ್ತಿತ್ತು.

ಸುಮ್ಮನೆ ಮುಂದಕ್ಕೆ ಓಡಿಸಿದೆ. ಐದರಲ್ಲಿ ಪೈಪ್ ಬಿತ್ತು, ಧಡಾರ್. ಅದಾದ ಮೇಲೆ ಎಂಟರಲ್ಲೂ ಬಿತ್ತು, ಮೇಡಂ ಮೈಕಿಗೆ ಕೇಳಿಸಿದ ಅದೇ ಧಡಾರ್. ಒಂದೇ ಪೈಪ್ ಎರಡು ಸಲ ಬೀಳುವುದುಂಟೇ? ಚಪ್ಪಾಳೆ ಕೂಡಿದೆ, ಪೈಪ್ ಕೂಡಿಲ್ಲ. ಹಾಗಾದರೆ ಆ ಸಣ್ಣ ಯಂತ್ರದ ಗಡಿಯಾರವೇ ಮಿಕ್ಕವುಗಳಿಗಿಂತ ಕೂದಲೆಳೆಯಷ್ಟು ಬೇರೆ. ಶುರುವಿನಲ್ಲಿ ಗೊತ್ತೇ ಆಗದ ವ್ಯತ್ಯಾಸ, ಹೊತ್ತು ಹೋದಂತೆ ಬೆಳೆದು ಎರಡು ಮೂರು ಸೆಕೆಂಡಾಗಿತ್ತು.

"ಮಾವ, ಇದು ಸುಳ್ಳು ಹೇಳ್ತಿದೆ! ಹಿಂದೆ ಬಿದ್ದಿದೆ ಇದು!" ಎಂದು ಕಿರುಚಿದೆ. ಚಪ್ಪಾಳೆಯನ್ನು ಕದಲದಂತೆ ಹಿಡಿದು, ಪೈಪಿನ ಸದ್ದಿಗೆ ಪೈಪಿನ ಸದ್ದು ಕೂಡುವ ತನಕ ಎಂಟನೆಯ ಚಾನೆಲ್ಲನ್ನು ಇಡಿಯಾಗಿ ಕುಗ್ಗಿಸಿದೆ. ಸರಿಹೋಗಿದೆಯೋ ಇಲ್ಲವೋ ನೋಡಲು ಆ ಧಡಾರ್ ಅನ್ನು ಮತ್ತೆ ಮತ್ತೆ ಹಾಕಬೇಕಾಯಿತು. ಪ್ರತಿ ಸಲವೂ ಮಾವನ ಹೆಗಲು ಅದುರುತ್ತಿತ್ತು. ಹೊರಗೆ ಹೋಗಿ ಎಂದರೆ ಹೋಗಲಿಲ್ಲ. ನಡುವೆ ಒಬ್ಬ ನಟ ಕೆಮ್ಮಿದ್ದು ಎರಡರಲ್ಲೂ ಸಿಕ್ಕಿತು. ಅದೂ ಕರಾರುವಾಕ್ಕಾಗಿ ಕೂಡಿತು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಿಟ್ಟೆ.

ಅಟ್ಟದ ಮೇಲಿನಿಂದ: "ಪೈಪ್ ಇಳೀತಿದೆ!"

ಅದೇ ಉಸಿರಿನಲ್ಲಿ, ಬಲ್ಬುವಿನ ಹೆಡ್‌ಫೋನಿನೊಳಗೆ: "ಬಲ್ಬು, ಹಿಂದಿನ ದೀಪ ಆರಿಸ್ತೀನಿ."

ವೇದಿಕೆಯಿಂದ: "ಸರಿ!"

ಮತ್ತೆ ಹೆಡ್‌ಫೋನಿನಲ್ಲಿ ಮೇಡಂ, "ಬಲ್ಬು? ಕೇಳಿಸ್ತಾ?" ಅಷ್ಟರಲ್ಲಿ ಧಡಾರ್.

ಮಾವ ನಿಧಾನವಾಗಿ ಹೇಳಿದರು, "ಹೆಡ್‌ಫೋನಿನ ಗುಂಡಿ ಒತ್ತಿ ಮಾತಾಡಿದ್ರೆ ತಾನೇ ಮೇಡಂಗೆ ಕೇಳೋದು? ಒತ್ತದೆ ಉತ್ತರ ಕೊಡೋದು ಅವನ ಹಳೇ ಚಾಳಿ. ಹೆಡ್‌ಫೋನು ಹಾಕ್ಕೊಳ್ಳೋದೂ ಹಗ್ಗದ ಕಡೆ ಕಿವಿಗೇ, ನನ್ನ ಕೂಗು ಎಲ್ಲಿ ಕೇಳ್ಬೇಕು?" ಕೂಗಿದವರು ಕೂಗಿದ್ದರು. ಕೇಳಿಸಲಿಲ್ಲ ಎಂದವನಿಗೆ ಕೇಳಿಸಿರಲಿಲ್ಲ. ಒಂದು "ಸರಿ" ಇಬ್ಬರಿಗೆ ಬೇಕಾಗಿತ್ತು. ಯಾರಿಗೆ ಕೊಟ್ಟದ್ದೋ ಅವರಿಗೆ ತಲುಪದೆ ಇನ್ನೊಬ್ಬರಿಗೆ ತಲುಪಿತ್ತು.

ಸೋಮವಾರದ ಸಭೆಗೆ ಬಲ್ಬು ತೋಳನ್ನು ಕೊರಳಿಗೆ ಕಟ್ಟಿಸಿಕೊಂಡು ಬಂದಿದ್ದ. ಮಾವನ ಕಡೆ ನೋಡಲಿಲ್ಲ. ಮೇಡಂ ಮಾತ್ರ ಮೇಜಿನ ಮೇಲೆ ದೂರಿನ ಪ್ರತಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಸಮಿತಿಯವರು ನನ್ನನ್ನು ನೋಡಿ, "ಇವರ ಸೊಸೆ ತಾನೆ ನೀವು? ಇದನ್ನ ನೀವೇ ಮಾಡಿ ತಂದಿಲ್ಲ ಅನ್ನೋದು ಹೇಗೆ?" ಎಂದರು. ಬರುತ್ತದೆಂದು ಗೊತ್ತಿದ್ದ ಪ್ರಶ್ನೆ. ಡಿಸ್ಕನ್ನೇ ಮೇಜಿನ ಮೇಲಿಟ್ಟೆ. "ಇಲ್ಲೇ, ನಿಮ್ಮ ಕಣ್ಣೆದುರಿಗೇ ಬಿಚ್ತೀನಿ. ಅರ್ಥ ಆಗದಿದ್ರೆ ನಿಲ್ಲಿಸಿ ಕೇಳಿ" ಎಂದೆ. ಚಾನೆಲ್ ಬಿಡಿಸುವುದರಿಂದ ಚಪ್ಪಾಳೆ ಕೂಡಿಸುವವರೆಗೆ ಎಲ್ಲವನ್ನೂ ಮೊದಲಿನಿಂದ ಮಾಡಿ ತೋರಿಸಿದೆ. ಅವರು ಬೇಕಾದಷ್ಟು ಸಲ ನಿಲ್ಲಿಸಿದರು, ನಾನು ಅಷ್ಟೂ ಸಲ ಹೇಳಿದೆ. ನನ್ನ ತಾಳ್ಮೆ ಕಂಡು ನನಗೇ ಆಶ್ಚರ್ಯ.

ಐದನೆಯ ಚಾನೆಲ್ ಕೇಳಿದಾಗ ಬಲ್ಬು ಬಿಳಿಚಿಕೊಂಡ. "ಅದು... ನನ್ನ ದನೀನೇ. ನಂಗೆ ನೆನಪೇ ಇಲ್ಲ. ದೇವರಾಣೆ, ನೆನಪಿಲ್ಲ" ಎಂದು ಎಲ್ಲರ ಮುಖ ನೋಡಿದ. ಆ ಮುಖದ ಮೇಲಿದ್ದ ಭಯ ನನಗೆ ಗೊತ್ತಿತ್ತು. ಒಂದು ತಿಂಗಳು ಅದೇ ಭಯವನ್ನು ನಮ್ಮ ಒಲೆಯ ಮುಂದೆ ನೋಡಿದ್ದೆ. ತಡಮಾಡದೆ ಎಂಟನ್ನೂ ಸೇರಿಸಿ ಎಲ್ಲವನ್ನೂ ಒಟ್ಟಿಗೆ ಬಿಟ್ಟೆ.

ಮೇಡಂ ಎರಡನೆಯ ಸಲ ಹಾಕಲು ಹೇಳಿದರು. ಆಮೇಲೆ ದೂರಿನ ಪ್ರತಿಯನ್ನು ಮಗುಚಿ ಇಟ್ಟರು.

"ನಾನು ಹೇಳಿದ್ದಕ್ಕೆ ಅವನು ಸರಿ ಅಂದ" ಎಂದರು. "ನಂಗೆ ಕೇಳಿಸ್ಲಿಲ್ಲ. ಇವರಿಗೆ ಕೇಳಿಸ್ತು." ಆ ಕ್ಷಣ ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಮಾವ ಎದ್ದು ಬಲ್ಬುವಿನ ಹತ್ತಿರ ಹೋದರು. "ನಾನು ಕೂಗಿದ್ದು ನಿನಗೆ ಕೇಳಿಸ್ಲಿಲ್ಲ, ಅಲ್ವೇನೋ?"

"ಇಲ್ಲ ಹಗ್ಗದಣ್ಣ."

"ನೋಡು, ನಾನು ಇವಳಿಗೆ ನಿನ್ನೆಯೇ ಹೇಳಿದ್ದೆ" ಎಂದು ಮಾವ ನನ್ನ ಕಡೆ ತಿರುಗಿ ಗೆದ್ದವರ ಹಾಗೆ ನಕ್ಕರು. ಅಷ್ಟು ದಿನಗಳ ಮೇಲೆ ಕಂಡ ನಗು. ಬಲ್ಬು ಒಳ್ಳೆಯ ಕೈಯಿಂದ ಅವರ ಅಂಗಿ ಹಿಡಿದುಕೊಂಡು ಮಗುವಿನಂತೆ ಅತ್ತ.

ಸಮಿತಿ ಯಾರ ತಲೆಗೂ ತಪ್ಪು ಕಟ್ಟಲಿಲ್ಲ. ಬಲ್ಬುವಿನ ಚಿಕಿತ್ಸೆ ನಾಟಕಶಾಲೆಯ ಹೊಣೆಯೆಂದಾಯಿತು. ಡಿಸ್ಕ್ ವಾಪಸ್ ಕೊಡುವಾಗ, ಇನ್ನು ಮೇಲೆ ಎಂಟು ಚಾನೆಲ್ಲನ್ನು ಎಂಟಾಗಿಯೇ ಇಡಿ ಎಂದು ಸಂಗ್ರಹದವರಿಗೆ ಒಂದು ಗಂಟೆ ಪಾಠ ಹೇಳಿ ಬಂದೆ. ಮೇಡಂ ಕಟ್ಟಳೆ ಬದಲಾಯಿಸಿದರು. ಈಗ ಬರೀ "ಸರಿ" ಸಾಲದು. ಕೆಳಗಿರುವವರು ತಲೆಯೆತ್ತಿ, ಅಟ್ಟದ ಕಡೆ ನೋಡಿ, ಕೈ ಎತ್ತಬೇಕು. ಮುಖ ಕಂಡ ಮೇಲೇ ಹಗ್ಗ ಬಿಡುವುದು.

ಮಾವ ಮತ್ತೆ ಅಟ್ಟ ಹತ್ತಿದ ದಿನ, ಸಂಜೆ ಮನೆಗೆ ಬಂದು ಎಂದಿನಂತೆ ಪೇಪರ್ ಹಿಡಿದು ಕೂತರು. ಗಂಡ ಎದುರಿಗೆ ಫೋನ್ ಹಿಡಿದು ಕೂತಿದ್ದ. ನಾನು ಅಡುಗೆಮನೆಯಿಂದ, "ಊಟಕ್ಕೆ ಬನ್ನಿ" ಎಂದೆ.

"ಹ್ಞೂಂ" ಎಂದ ಗಂಡ.

ಮಾವ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿ, ಬಲಗೈ ಮೇಲಕ್ಕೆತ್ತಿ, "ಕೇಳಿಸ್ತಮ್ಮ, ಬಂದೆ" ಎಂದರು. ಆಮೇಲೆ ಮಗನ ಕಡೆ ತಿರುಗಿದರು.

"ಯಾರಿಗೋ ಅಂದಿದ್ದು ಆ ಹ್ಞೂಂ?"

ಗಂಡ ಫೋನಿನಿಂದ ತಲೆಯೆತ್ತಿದ.